ಎಂಜಿನ್ ಬದಲಿಸುವಾಗ ಎರಡು ಸಪೂರ ವಯರುಗಳನ್ನು ಮರೆಯಬೇಡಿ

ಪಿಕಪ್ಪಿನ ಎಂಜಿನು ಕೈಕೊಟ್ಟರೆ ಹೊಸ ಎಂಜಿನು ತರಿಸುವ ಶಕ್ತಿ ಸಣ್ಣ ಕೃಷಿಕನಿಗೆ ಇರುವುದಿಲ್ಲ. ಅಪಘಾತವಾಗಿ ಮೂಲೆ ಸೇರಿದ ಅದೇ ಮಾದರಿಯ ಗಾಡಿಯಿಂದ ಎಂಜಿನು ಇಳಿಸಿ ತಂದು ಕೂರಿಸುವುದೇ ನಮಗೆ ಸುಲಭದ ದಾರಿ. ಹಳೆ ಜೀಪುಗಳ ಕಾಲದಲ್ಲಿ ಇದು ಎರಡು ದಿನದ ಕೆಲಸವಾಗಿತ್ತು. ಡೀಸೆಲ್ ಪೈಪು, ಎಕ್ಸಿಲೇಟರ್ ಕೇಬಲ್, ಸ್ಟಾರ್ಟರಿನ ದಪ್ಪ ವಯರು, ಆಯಿಲ್ ಮತ್ತು ಬಿಸಿ ತೋರಿಸುವ ಮೀಟರಿನ ವಯರು - ಇಷ್ಟು ಜೋಡಿಸಿದರೆ ಗಾಡಿ ರಸ್ತೆಗಿಳಿಯುತ್ತಿತ್ತು.

ಈಗಿನ ಗಾಡಿಗೆ ಆ ಲೆಕ್ಕ ನಡೆಯುವುದಿಲ್ಲ. ಎಂಜಿನು ಒಳ್ಳೆಯದಿದೆ, ಡೀಸೆಲ್ ಬರುತ್ತದೆ, ಬ್ಯಾಟರಿ ಹೊಸತು. ಆದರೂ ಗಾಡಿ ಸ್ಟಾರ್ಟ್ ಆಗುವುದಿಲ್ಲ. ಆದರೂ ಮೀಟರಿನ ಮುಳ್ಳು ಏಳುವುದಿಲ್ಲ. ಗ್ಯಾರೇಜಿನವರು ಒಂದರ ನಂತರ ಒಂದು ಪೆಟ್ಟಿಗೆ ಬದಲಿಸಲು ಹೇಳುತ್ತಾರೆ. ಅಡಿಕೆ ಮಂಡಿಗೆ ಹೋಗಬೇಕು, ಗೊಬ್ಬರ ತರಬೇಕು, ಗಾಡಿ ಮಾತ್ರ ಸ್ಟ್ಯಾಂಡಿನ ಮೇಲೆ. ಇಂಥ ಹೆಚ್ಚಿನ ತೊಂದರೆಗಳನ್ನು 500-600 ರೂಪಾಯಿಯ ಮಲ್ಟಿಮೀಟರಿನಿಂದ ಅರ್ಧ ಗಂಟೆಯಲ್ಲಿ ಪತ್ತೆ ಮಾಡಬಹುದು ಎಂಬುದು ನನಗೆ ಅನುಭವದಿಂದ ಮನದಟ್ಟಾಗಿದೆ. ಪಂಪ್‌ಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆ ಬಿಚ್ಚಿ ಗೊತ್ತಿರುವ ಯಾವ ಕೃಷಿಕನಿಗೂ ಇದು ಕಷ್ಟದ ವಿದ್ಯೆ ಅಲ್ಲ.

ಪೆಟ್ಟಿಗೆಗಳು ಮಾತಾಡುವುದು ಹೇಗೆ?

ಈಗಿನ ಗಾಡಿಯಲ್ಲಿ ಎಂಜಿನಿಗೆ ಒಂದು ಕಂಪ್ಯೂಟರ್ ಪೆಟ್ಟಿಗೆ. ಅದಕ್ಕೆ ಇ.ಸಿ.ಯು. ಎನ್ನುತ್ತಾರೆ. ಬ್ರೇಕಿನ ಎ.ಬಿ.ಎಸ್.ಗೆ ಇನ್ನೊಂದು ಪೆಟ್ಟಿಗೆ, ಡ್ಯಾಶ್‌ಬೋರ್ಡಿನ ಮೀಟರಿಗೆ ಮತ್ತೊಂದು, ದೀಪ-ಬೀಗಗಳಿಗೆ ಮಗದೊಂದು. ಎಂಜಿನು ಎಷ್ಟು ಸುತ್ತು ತಿರುಗುತ್ತಿದೆ ಎಂದು ಮೀಟರಿಗೆ ಗೊತ್ತಾಗಬೇಕು. ಗಾಡಿಯ ವೇಗ ಎಷ್ಟೆಂದು ಎಂಜಿನಿಗೆ ಗೊತ್ತಾಗಬೇಕು. ಪ್ರತಿಯೊಂದು ಸುದ್ದಿಗೂ ಬೇರೆ ಬೇರೆ ವಯರು ಎಳೆದರೆ ಗಾಡಿಯೊಳಗೆ ವಯರಿನ ಹೊರೆಯೇ ಆದೀತು.

ಇದಕ್ಕೆ ಜರ್ಮನಿಯ ಬಾಷ್ ಕಂಪೆನಿ ಒಂದು ಉಪಾಯ ಕಂಡುಹಿಡಿದು 1986ರಲ್ಲಿ ಹೊರಗೆಡಹಿತು. ಹೆಸರು ಕಂಟ್ರೋಲರ್ ಏರಿಯಾ ನೆಟ್‌ವರ್ಕ್, ಚಿಕ್ಕದಾಗಿ ಕ್ಯಾನ್. 1993ರಲ್ಲಿ ಇದು ಅಂತರರಾಷ್ಟ್ರೀಯ ಮಾನಕವೂ ಆಯಿತು. ಎರಡೇ ವಯರು. ಎಲ್ಲ ಪೆಟ್ಟಿಗೆಗಳೂ ಆ ಎರಡಕ್ಕೇ ಜೋಡಣೆ. ಒಂದರ ಹೆಸರು ಕ್ಯಾನ್ ಹೈ, ಇನ್ನೊಂದರದು ಕ್ಯಾನ್ ಲೋ.

ತೋಟದ ಮೇಲಿನ ತುದಿಯಲ್ಲಿ ಪಂಪಿನ ಬಳಿ ನಿಂತವನು "ನೀರು ಬಿಟ್ಟೆ" ಎಂದು ಕೂಗುತ್ತಾನೆ. ಅದು ಎಲ್ಲರಿಗೂ ಕೇಳುತ್ತದೆ. ಗೇಟ್‌ವಾಲ್ವ್ ತಿರುಗಿಸಬೇಕಾದವನು ತಿರುಗಿಸುತ್ತಾನೆ, ಹುಲ್ಲು ಕೊಯ್ಯುವವನು ತನ್ನ ಪಾಡಿಗೆ ಕೊಯ್ಯುತ್ತಾನೆ. ಕ್ಯಾನಿನ ಮಾತುಕತೆಯೂ ಹೀಗೆಯೇ. ಪ್ರತಿ ಸುದ್ದಿಗೂ ಒಂದು ನಂಬ್ರ ಇದೆ. ಇಬ್ಬರು ಒಟ್ಟಿಗೆ ಬಾಯಿ ತೆರೆದರೆ ಸಣ್ಣ ನಂಬ್ರದ ಸುದ್ದಿ ಮುಂದೆ ಹೋಗುತ್ತದೆ, ದೊಡ್ಡ ನಂಬ್ರದ್ದು ತಡೆದು ನಿಲ್ಲುತ್ತದೆ.

ಹುರಿ ಮಾಡಿದ್ದು ಯಾಕೆ?

ಈ ಎರಡು ವಯರುಗಳನ್ನು ಹಗ್ಗದ ಹಾಗೆ ಹುರಿ ಮಾಡಿರುತ್ತಾರೆ. ಅದು ಚೆಂದಕ್ಕಲ್ಲ. ಸುಮ್ಮನಿರುವಾಗ ಎರಡರಲ್ಲೂ ಸುಮಾರು 2.5 ವೋಲ್ಟ್ ಇರುತ್ತದೆ. ಸುದ್ದಿ ಹೋಗುವಾಗ ಹೈ ವಯರು 3.5ಕ್ಕೆ ಏರುತ್ತದೆ, ಲೋ ವಯರು 1.5ಕ್ಕೆ ಇಳಿಯುತ್ತದೆ. ಪೆಟ್ಟಿಗೆಗಳು ನೋಡುವುದು ಇವೆರಡರ ವ್ಯತ್ಯಾಸವನ್ನು ಮಾತ್ರ. ಆಲ್ಟರ್ನೇಟರ್, ಸ್ಟಾರ್ಟರ್, ಇಂಜೆಕ್ಟರುಗಳ ಕಡೆಯಿಂದ ಬರುವ ಅಡ್ಡಗದ್ದಲ ಹುರಿಯಾದ ಎರಡಕ್ಕೂ ಸಮನಾಗಿ ತಗಲುತ್ತದೆ. ಹಾಗಾಗಿ ವ್ಯತ್ಯಾಸ ಬದಲಾಗುವುದಿಲ್ಲ. ಹುರಿ ಬಿಚ್ಚಿ ಎರಡನ್ನು ಎರಡು ದಾರಿಯಲ್ಲಿ ಎಳೆದರೆ ಈ ರಕ್ಷಣೆ ಹೋಯಿತು.

ತುದಿಯ ರೆಸಿಸ್ಟರು

ಉದ್ದದ ಡೆಲಿವರಿ ಪೈಪಿನಲ್ಲಿ ನೀರು ಹೋಗುತ್ತಿರುವಾಗ ತುದಿಯ ವಾಲ್ವನ್ನು ತಟ್ಟನೆ ಮುಚ್ಚಿದರೆ ಏನಾಗುತ್ತದೆ? ಒತ್ತಡ ಹಿಂದಕ್ಕೆ ಬಡಿದು ಪೈಪು ಧಡಕ್ಕೆಂದು ಹಾರುತ್ತದೆ. ವಯರಿನಲ್ಲಿ ಓಡುವ ಸುದ್ದಿಯೂ ತುದಿಗೆ ಬಡಿದು ಹಿಂದೆ ಬಂದು ಮುಂದಿನ ಸುದ್ದಿಯನ್ನು ಕೆಡಿಸುತ್ತದೆ. ಅದನ್ನು ನುಂಗಲು ಸಾಲಿನ ಎರಡೂ ತುದಿಗಳಲ್ಲಿ ಹೈ ಮತ್ತು ಲೋ ನಡುವೆ 120 ಓಮಿನ ಒಂದೊಂದು ರೆಸಿಸ್ಟರು ಇಟ್ಟಿರುತ್ತಾರೆ. ಸಾಮಾನ್ಯವಾಗಿ ಇವು ಹೊರಗೆ ಕಾಣುವುದಿಲ್ಲ. ಒಂದು ಇ.ಸಿ.ಯು. ಒಳಗೆ, ಇನ್ನೊಂದು ಮೀಟರಿನ ಅಥವಾ ಫ್ಯೂಸ್ ಪೆಟ್ಟಿಗೆಯ ಒಳಗೆ ಇರುವುದೇ ಹೆಚ್ಚು.

120ರ ಎರಡು ರೆಸಿಸ್ಟರು ಸಮಾನಾಂತರವಾಗಿ ಇದ್ದರೆ ಮೀಟರು ತೋರಿಸುವುದು 60 ಓಂ. ಈ ಲೇಖನದಲ್ಲಿ ಬೇರೆಲ್ಲ ಮರೆತರೂ ಈ 60 ಒಂದನ್ನು ನೆನಪಿಡಿ. ಎಂಜಿನು ಬದಲಿಸುವಾಗ ನಾವು ಸಾಲಿನ ಒಂದು ತುದಿಯನ್ನೇ ಕಿತ್ತು ಬೇರೆ ಇಡುತ್ತೇವೆ. ಆದ್ದರಿಂದ ಎಡವಟ್ಟು ಆಗುವುದೂ ಅಲ್ಲೇ.

ಅಳೆಯುವ ಕ್ರಮ

ಸ್ಟಿಯರಿಂಗಿನ ಕೆಳಗೆ ಸ್ಕ್ಯಾನರ್ ಚುಚ್ಚುವ 16 ಪಿನ್ನಿನ ಸಾಕೆಟ್ ಇರುತ್ತದೆ. ಮೇಲಿನ ಸಾಲಿನಲ್ಲಿ 1ರಿಂದ 8, ಕೆಳಗಿನ ಸಾಲಿನಲ್ಲಿ 9ರಿಂದ 16. 6ನೇ ಪಿನ್ನು ಕ್ಯಾನ್ ಹೈ, ನೇರ ಅದರ ಕೆಳಗಿನ 14ನೇ ಪಿನ್ನು ಕ್ಯಾನ್ ಲೋ. 4 ಮತ್ತು 5 ಅರ್ತ್, 16 ಬ್ಯಾಟರಿಯ ಪ್ಲಸ್.

ಬ್ಯಾಟರಿಯ ಮೈನಸ್ ಕ್ಲಾಂಪ್ ತೆಗೆಯಿರಿ. ಹತ್ತು ನಿಮಿಷ ಕಾಯಿರಿ. ಮೀಟರನ್ನು 200 ಓಮಿನಲ್ಲಿಟ್ಟು 6 ಮತ್ತು 14ರ ನಡುವೆ ಅಳೆಯಿರಿ.

60ರ ಆಸುಪಾಸು ಬಂದರೆ: ಎರಡು ತುದಿಯೂ ಇದೆ, ಸಾಲು ತುಂಡಾಗಿಲ್ಲ.

120 ಬಂದರೆ: ಒಂದು ತುದಿ ಸಿಗುತ್ತಿಲ್ಲ. ನಡುವೆ ಎಲ್ಲೋ ವಯರು ತುಂಡಾಗಿದೆ, ಅಥವಾ ಹೊಸದಾಗಿ ಹಾಕಿದ ಪೆಟ್ಟಿಗೆಯೊಳಗೆ ರೆಸಿಸ್ಟರು ಇಲ್ಲ.

40 ಬಂದರೆ: ರೆಸಿಸ್ಟರು ಮೂರಾಗಿವೆ. ತಂದ ಪೆಟ್ಟಿಗೆಯೊಂದರಲ್ಲಿ ಹೆಚ್ಚಿನದೊಂದು ಇದೆ.

ಸೊನ್ನೆಯ ಹತ್ತಿರ ಬಂದರೆ: ಹೈ ಮತ್ತು ಲೋ ಒಂದಕ್ಕೊಂದು ತಗಲಿವೆ.

ಮೀಟರು ಏನೂ ತೋರಿಸದಿದ್ದರೆ: ಸಾಕೆಟ್ಟಿಗೆ ಬರುವ ವಯರೇ ತುಂಡು, ಅಥವಾ ನಿಮ್ಮ ಗಾಡಿಯಲ್ಲಿ ಸಾಕೆಟ್ಟಿಗೂ ಒಳಗಿನ ಸಾಲಿಗೂ ನಡುವೆ ಗೇಟ್‌ವೇ ಎಂಬ ಪೆಟ್ಟಿಗೆ ಇದೆ.

ಗೇಟ್‌ವೇ ಇರುವ ಗಾಡಿಯಲ್ಲಿ ಸಾಕೆಟ್ಟಿನಲ್ಲಿ ಸಿಗುವುದು ಗೇಟ್‌ವೇವರೆಗಿನ ಲೆಕ್ಕ ಮಾತ್ರ. ಅಂಥಲ್ಲಿ ಇ.ಸಿ.ಯು. ಅಥವಾ ಎ.ಬಿ.ಎಸ್. ಪ್ಲಗ್ಗಿನಲ್ಲೇ ಅಳೆಯಬೇಕು. ಕೆಲವು ಗಾಡಿಗಳಲ್ಲಿ ಬಾಗಿಲು, ದೀಪಗಳಿಗೆ ಬೇರೆಯೇ ನಿಧಾನಗತಿಯ ಸಾಲು ಇರುತ್ತದೆ. 60ರ ಲೆಕ್ಕ ಅದಕ್ಕೆ ಹೊಂದದೆ ಹೋಗಬಹುದು. ಹಾಗಾಗಿ ಆ ಮಾದರಿಯ, ಆ ವರ್ಷದ ವಯರಿಂಗ್ ನಕ್ಷೆ ಕೈಯಲ್ಲಿರುವುದು ಒಳ್ಳೆಯದು.

ಓಂ ಸರಿ ಬಂದ ಮೇಲೆ ಬ್ಯಾಟರಿ ಜೋಡಿಸಿ, ಕೀ ಆನ್ ಮಾಡಿ, ಮೀಟರನ್ನು ಡಿ.ಸಿ. ವೋಲ್ಟಿಗೆ ತಿರುಗಿಸಿ. ಅರ್ತ್‌ನಿಂದ ಹೈ ವಯರಿಗೆ 2.5ಕ್ಕಿಂತ ಸ್ವಲ್ಪ ಹೆಚ್ಚು, ಲೋ ವಯರಿಗೆ ಸ್ವಲ್ಪ ಕಡಿಮೆ ಬರಬೇಕು. ಎರಡನ್ನೂ ಕೂಡಿಸಿದರೆ 5ರ ಹತ್ತಿರ. ಯಾವುದಾದರೂ ಸೊನ್ನೆಗಿಳಿದಿದ್ದರೆ ಅದು ಬಾಡಿಗೆ ತಗಲಿದೆ. 12ರ ಹತ್ತಿರ ಹೋಗಿದ್ದರೆ ಪ್ಲಸ್ ವಯರಿಗೆ ತಗಲಿದೆ. ಬಲ್ಬಿನ ಟೆಸ್ಟ್‌ಲ್ಯಾಂಪ್ ಹಿಡಿದು ಈ ವಯರುಗಳನ್ನು ಪರೀಕ್ಷಿಸಲು ಹೋಗಬೇಡಿ. ಪೆಟ್ಟಿಗೆಯ ಒಳಗೆ ಪೆಟ್ಟಾದೀತು.

ನಮ್ಮ ಪಿಕಪ್ಪಿನಲ್ಲಿ ಕಂಡದ್ದು

ನಮ್ಮ ಗಾಡಿಗೆ ಅದೇ ಮಾದರಿಯ, ಎರಡು ವರ್ಷ ಈಚಿನ ಗಾಡಿಯ ಎಂಜಿನು ಸಿಕ್ಕಿತು. ಜೊತೆಗೆ ಅದರ ಇ.ಸಿ.ಯು. ಮತ್ತು ಎಂಜಿನ್ ಬದಿಯ ಇಡೀ ವಯರಿಂಗೂ ಬಂತು. ಕೂರಿಸಿದ ಮೇಲೆ ಸ್ಟಾರ್ಟರು ತಿರುಗುತ್ತದೆ, ಎಂಜಿನು ಹಿಡಿಯುವುದಿಲ್ಲ. ಸ್ಕ್ಯಾನರ್ ಹಾಕಿದರೆ ಎ.ಬಿ.ಎಸ್. ಮತ್ತು ಮೀಟರು ಉತ್ತರ ಕೊಡುತ್ತವೆ, ಎಂಜಿನಿನ ಪೆಟ್ಟಿಗೆಯದು ಸದ್ದಿಲ್ಲ. ಎ.ಬಿ.ಎಸ್.ನಲ್ಲಿ ಯು 0100 ಎಂಬ ಕೋಡು ಇತ್ತು. ಅದರ ಅರ್ಥ, ಎಂಜಿನಿನ ಪೆಟ್ಟಿಗೆಯ ಸುದ್ದಿ ತನಗೆ ಬರುತ್ತಿಲ್ಲ ಎಂದು.

"ಅಣ್ಣಾ, ಇದ್ರ ಇ.ಸಿ.ಯು. ಹೋಗಿದೆ. ಬೇರೆ ಹಾಕದೆ ಉಪಾಯ ಇಲ್ಲ" ಎಂದರು ಗ್ಯಾರೇಜಿನವರು. ಅದಕ್ಕೆ ಅವರು ಹೇಳಿದ ಕ್ರಯ ಎಂಜಿನಿಗೆ ಕೊಟ್ಟ ಹಣದ ಅರ್ಧದಷ್ಟಿತ್ತು.

ನಾನೂ ಪೇಟೆಯ ಒಬ್ಬ ಆಟೋ ಎಲೆಕ್ಟ್ರಿಷಿಯನ್ನೂ ಮೀಟರು ಹಿಡಿದು ಕೂತೆವು. ಸಾಕೆಟ್ಟಿನಲ್ಲಿ 120 ಓಂ. ಅಂದರೆ ಒಂದು ತುದಿ ಇಲ್ಲ. ಇ.ಸಿ.ಯು. ಪ್ಲಗ್ ಕಿತ್ತು ನೋಡಿದೆವು, ಆಗಲೂ 120. ಹಾಗಾದರೆ ನಮಗೆ ಕಾಣುತ್ತಿರುವುದು ಮೀಟರಿನ ಬದಿಯ ರೆಸಿಸ್ಟರು, ಸಿಗದಿರುವುದು ಇ.ಸಿ.ಯು. ಬದಿಯದು.

ಇನ್ನು ಹುಡುಕಬೇಕಾದದ್ದು ನಡುವಿನಲ್ಲಿ. ಎಂಜಿನ್ ವಯರಿಂಗು ಕ್ಯಾಬಿನ್ನಿನ ವಯರಿಂಗಿಗೆ ಸೇರುವ ಜಾಗದಲ್ಲಿ ಒಂದು ದೊಡ್ಡ ಪ್ಲಗ್ಗು. ಇ.ಸಿ.ಯು. ಪುನಃ ಸಿಕ್ಕಿಸಿ, ಈ ದೊಡ್ಡ ಪ್ಲಗ್ಗನ್ನು ಬಿಡಿಸಿ, ಎಂಜಿನ್ ಕಡೆಯ ಹುರಿ ಜೋಡಿಯನ್ನು ಅಳೆದೆವು: 120. ಕ್ಯಾಬಿನ್ ಕಡೆಯದೂ 120. ಎರಡು ಕಡೆಯೂ ಗಟ್ಟಿ ಇದೆ, ಸೇರಿಸಿದಾಗ ಮಾತ್ರ 60 ಬರುತ್ತಿಲ್ಲ.

ಪ್ಲಗ್ಗಿನ ಮುಖ ನೋಡಿದರೆ ವಿಷಯ ಎದುರಿಗೇ ಇತ್ತು. ಎರಡೂ ವರ್ಷದ ಪ್ಲಗ್ಗಿನ ಆಕಾರ ಒಂದೇ, ಸಲೀಸಾಗಿ ಕೂರುತ್ತದೆ. ಆದರೆ ಈಚಿನ ಗಾಡಿಯಲ್ಲಿ ಹುರಿ ಜೋಡಿಯನ್ನು ಬೇರೆ ಎರಡು ತೂತುಗಳಿಗೆ ಹಾಕಿದ್ದರು. ನಮ್ಮ ಕ್ಯಾಬಿನ್ ಬದಿಯಲ್ಲಿ ಆ ತೂತುಗಳು ಖಾಲಿ. ನಕ್ಷೆ ನೋಡಿ, ಆ ಪ್ಲಗ್ಗಿನ ಉಳಿದ ವಯರುಗಳನ್ನೂ ಒಂದೊಂದಾಗಿ ತಾಳೆ ಮಾಡಿ, ಈ ಎರಡು ಪಿನ್ನುಗಳನ್ನು ಸರಿಯಾದ ಜಾಗಕ್ಕೆ ಹಾಕಿದೆವು. ಮೀಟರು 60 ತೋರಿಸಿತು. ಸ್ಕ್ಯಾನರಿಗೆ ಎಂಜಿನಿನ ಪೆಟ್ಟಿಗೆ ಉತ್ತರ ಕೊಟ್ಟಿತು. "ಹೋಗಿದ್ದ" ಇ.ಸಿ.ಯು. ಇವತ್ತಿಗೂ ಅದೇ ಗಾಡಿಯಲ್ಲಿದೆ.

ಪ್ಲಗ್ಗು ಕೂತಿತು ಎಂದ ಮಾತ್ರಕ್ಕೆ ವಯರು ಸೇರಿತು ಎಂದಲ್ಲ. ಬೇರೆ ವರ್ಷದ ವಯರಿಂಗ್ ತಂದವರು ಪ್ರತಿ ಪಿನ್ನನ್ನೂ ತಾಳೆ ಮಾಡಲೇಬೇಕು. ಜಾಗ ತಪ್ಪಿ ಕ್ಯಾನ್ ವಯರಿಗೆ 12 ವೋಲ್ಟ್ ಹೋದರೆ ಆಗ ಪೆಟ್ಟಿಗೆ ನಿಜವಾಗಿ ಹೋದೀತು.

ಸ್ಟಾರ್ಟ್ ಆಗಿ ನಿಂತರೆ?

ಸಾಲು ಸರಿಯಾದ ಮೇಲೆ ನಮ್ಮ ಎಂಜಿನು ಹಿಡಿಯಿತು, ಎರಡು ಸೆಕೆಂಡಿನಲ್ಲಿ ನಿಂತಿತು. ಪುನಃ ಹಿಡಿಯಿತು, ಪುನಃ ನಿಂತಿತು. ಇದು ವಯರಿನ ದೋಷ ಅಲ್ಲ, ಇಮ್ಮೊಬಿಲೈಸರ್ ಎಂಬ ಕಳ್ಳಬೀಗದ ಕೆಲಸ. ಕೀಯೊಳಗಿನ ಚಿಪ್ಪಿನ ಗುರುತು ಮತ್ತು ಇ.ಸಿ.ಯು.ನಲ್ಲಿರುವ ಗುರುತು ಹೊಂದದಿದ್ದರೆ ಎಂಜಿನಿಗೆ ಡೀಸೆಲ್ ಸಿಗುವುದಿಲ್ಲ. ಪರವಾನಿಗೆ ಇರುವ ಸರ್ವಿಸ್ ಸೆಂಟರಿನಲ್ಲಿ ಕಾಗದಪತ್ರ ತೋರಿಸಿ ಹೊಂದಿಸಿಕೊಳ್ಳಬೇಕು. ಆದ್ದರಿಂದ ಎಂಜಿನು ಕೊಳ್ಳುವಾಗಲೇ ಇ.ಸಿ.ಯು., ವಯರಿಂಗು, ಆ ಗಾಡಿಯ ಕೀ, ಇಮ್ಮೊಬಿಲೈಸರ್ ಪೆಟ್ಟಿಗೆ, ಎಕ್ಸಿಲೇಟರ್ ಪೆಡಲ್ - ಇಷ್ಟನ್ನೂ ಒಟ್ಟಿಗೆ ಕೇಳಿ ಪಡೆಯಿರಿ. ಬಿಡಿಬಿಡಿಯಾಗಿ ಆಮೇಲೆ ಹುಡುಕುವುದು ಬಾಳೆಗೊನೆ ಕೊಟ್ಟು ಬಾಳೆಹಣ್ಣು ಕೊಂಡ ಹಾಗೆ.

ಜೋಡಿಸುವಾಗ ಗಮನಿಸಿ

1. ಬಿಚ್ಚುವ ಮೊದಲು ಪ್ರತಿ ಪ್ಲಗ್ಗಿನ ಫೋಟೊ ತೆಗೆಯಿರಿ. ಪ್ರತಿ ವಯರಿಗೂ ಚೀಟಿ ಅಂಟಿಸಿ. ಹಳೆ ಗಾಡಿ ಚಾಲೂ ಇದ್ದರೆ ಅದರ 6-14ರ ಓಂ ಎಷ್ಟೆಂದು ಬರೆದಿಡಿ.

2. ಹೈ ವಯರು ಹೈಗೆ, ಲೋ ವಯರು ಲೋಗೆ. ಬಣ್ಣ ನಂಬಬೇಡಿ, ಕಂಪೆನಿಯಿಂದ ಕಂಪೆನಿಗೆ ಬಣ್ಣ ಬೇರೆ. ಅದಲು ಬದಲಾದರೂ ಓಂ 60 ತೋರಿಸುತ್ತದೆ, ಆದರೆ ಮಾತುಕತೆ ನಡೆಯುವುದಿಲ್ಲ.

3. ವಯರು ಉದ್ದ ಮಾಡಬೇಕಾದರೆ ಅದೇ ದಪ್ಪದ ಎರಡು ವಯರು ತಂದು ಇಂಚಿಗೆ ಒಂದು ಸುತ್ತಿನಂತೆ ಹುರಿ ಮಾಡಿ. ಪ್ಲಗ್ಗಿನ ಬಳಿ ಒಂದೆರಡು ಇಂಚಿಗಿಂತ ಹೆಚ್ಚು ಹುರಿ ಬಿಚ್ಚಬೇಡಿ.

4. ಎರಡು ವಯರಿನ ಜಾಯಿಂಟು ಒಂದೇ ಕಡೆ ಬಾರದಂತೆ ಹಿಂದೆ ಮುಂದೆ ಮಾಡಿ. ಗಟ್ಟಿಯಾಗಿ ಕ್ರಿಂಪ್ ಮಾಡಿ, ಮೇಲೆ ಬಿಸಿಗೆ ಕುಗ್ಗುವ ಸ್ಲೀವ್ ಹಾಕಿ. ವಯರು ತಿರುಚಿ ಟೇಪು ಸುತ್ತಿದರೆ ನಮ್ಮ ಮಳೆಗಾಲಕ್ಕೆ ಬಾಳಿಕೆ ಬಾರದು.

5. ಹೊಸ ಪೆಟ್ಟಿಗೆಗೆ ಕವಲು ಒಡೆಯುವುದಾದರೆ ಕವಲು ಒಂದು ಅಡಿಯೊಳಗಿರಲಿ. ಮೈನ್ ಪೈಪಿನಿಂದ ಲ್ಯಾಟರಲ್ ತೆಗೆದಂತೆ ಸಾಲಿನುದ್ದಕ್ಕೂ ಅಲ್ಲಲ್ಲಿ ತೆಗೆಯಿರಿ. ಎಲ್ಲವನ್ನೂ ಒಂದೇ ಗಂಟಿಗೆ ತಂದು ಕಟ್ಟಬೇಡಿ.

6. ಸ್ಟಾರ್ಟರ್, ಆಲ್ಟರ್ನೇಟರಿನ ದಪ್ಪ ವಯರಿನ ಜೊತೆ ಕಟ್ಟಬೇಡಿ. ಸೈಲೆನ್ಸರಿನ ಬಿಸಿ ತಾಗದಿರಲಿ. ಶೆಡ್ಡಿನಲ್ಲಿ ಇಲಿ ಕಾಟ ಇದ್ದರೆ ಕೊಳವೆಯೊಳಗೆ ಹಾಕಿ.

7. ಅರ್ತ್ ಪಟ್ಟಿ ಮರೆಯಬೇಡಿ. ಎಂಜಿನಿನ ಪೈಂಟು, ತುಕ್ಕು ಕೆರೆದು ಬೋಲ್ಟು ಬಿಗಿಯಿರಿ. ಸ್ಟಾರ್ಟರು ತಿರುಗುವಾಗ ಬ್ಯಾಟರಿಯ ಮೈನಸ್‌ಗೂ ಎಂಜಿನ್ ಬ್ಲಾಕಿಗೂ ನಡುವೆ ಅರ್ಧ ವೋಲ್ಟ್ ಮೀರಿದರೆ ಅರ್ತ್ ಸಾಲದು. ಪೆಟ್ಟಿಗೆ ಕೆಟ್ಟಂತೆ ತೋರುವ ಎಷ್ಟೋ ತೊಂದರೆಗಳ ಮೂಲ ಇದೇ.

8. ಮೌಂಟಿಂಗಿಗೆ ಆರ್ಕ್ ವೆಲ್ಡಿಂಗ್ ಮಾಡುವುದಿದ್ದರೆ ಬ್ಯಾಟರಿ ಮತ್ತು ಇ.ಸಿ.ಯು. ಪ್ಲಗ್ ಮೊದಲೇ ತೆಗೆಯಿರಿ.

ಓಂ ಸರಿ ಇದ್ದೂ ಸಾಲು ಗೊಂದಲದಲ್ಲಿದ್ದರೆ ಪೆಟ್ಟಿಗೆಗಳ ಪ್ಲಗ್ಗುಗಳನ್ನು ಒಂದೊಂದಾಗಿ ಬಿಡಿಸುತ್ತ ಸ್ಕ್ಯಾನರ್ ನೋಡಿ. ಪ್ರತಿ ಸಲ ಬಿಡಿಸುವಾಗಲೂ ಕೀ ಆಫ್ ಮಾಡಿ. ಯಾವುದನ್ನು ಬಿಡಿಸಿದಾಗ ಉಳಿದವು ಮಾತಾಡಲು ಸುರು ಮಾಡುತ್ತವೆಯೋ ಕಿತಾಪತಿ ಅದರದ್ದೇ. ರೆಸಿಸ್ಟರು ಇರುವ ಪೆಟ್ಟಿಗೆ ಬಿಡಿಸಿದಾಗ ಓಂ 120 ಆಗುವುದು ಸಹಜ.

ಬೇರೆ ಜಾತಿಯ ಎಂಜಿನು ಹಾಕುವವರಿಗೆ

ಒಂದು ಕಂಪೆನಿಯ ಜೀಪಿಗೆ ಇನ್ನೊಂದು ಕಂಪೆನಿಯ ಕಾಮನ್‌ರೈಲ್ ಎಂಜಿನು ಕೂರಿಸುವ ಉತ್ಸಾಹಿಗಳು ಕೇಳುವುದುಂಟು: "ಹೈಗೆ ಹೈ, ಲೋಗೆ ಲೋ ಜೋಡಿಸಿದ್ರೆ ಆಯ್ತಲ್ಲ?" ಆಗುವುದಿಲ್ಲ. ತುಳು ಬಾರದವನಿಗೆ ಫೋನಿನಲ್ಲಿ ತುಳು ಮಾತಾಡಿದರೆ ಲೈನು ಎಷ್ಟೇ ಚೆನ್ನಾಗಿದ್ದರೂ ಏನು ಪ್ರಯೋಜನ? ಒಂದು ಕಂಪೆನಿ ಎಂಜಿನ್ ಸುತ್ತಿಗೆ ಇಟ್ಟ ನಂಬ್ರವೇ ಬೇರೆ, ಇನ್ನೊಂದು ಕಂಪೆನಿಯದೇ ಬೇರೆ. ವೇಗವೂ ಬೇರೆ ಇರಬಹುದು. ಕಾರು-ಪಿಕಪ್ಪುಗಳ ಮುಖ್ಯ ಸಾಲು ಸಾಮಾನ್ಯವಾಗಿ ಸೆಕೆಂಡಿಗೆ 5 ಲಕ್ಷ ಬಿಟ್ ವೇಗದ್ದು. ಲಾರಿ ಮತ್ತು ದೊಡ್ಡ ಯಂತ್ರಗಳಲ್ಲಿ ಜೆ 1939 ಎಂಬ ಪದ್ಧತಿ ಇದ್ದು, ಅದರಲ್ಲಿ 2.5 ಲಕ್ಷದ್ದು ಹೆಚ್ಚು ಬಳಕೆಯಲ್ಲಿದೆ. ಬೇರೆ ವೇಗದ ಎರಡನ್ನು ಒಂದೇ ಸಾಲಿಗೆ ಕಟ್ಟಿದರೆ ಇಡೀ ಸಾಲೇ ಕೆಡುತ್ತದೆ. ನಡುವೆ ಭಾಷಾಂತರ ಮಾಡುವ ಪೆಟ್ಟಿಗೆ ಬೇಕು. ಅದಕ್ಕೆ ಪ್ರೋಗ್ರಾಂ ಬರೆಯುವವರೂ ಬೇಕು. ಸಣ್ಣ ಕೃಷಿಕ ಕೈಹಾಕುವ ಕೆಲಸ ಇದಲ್ಲ ಎಂಬುದು ನನ್ನ ಅಭಿಪ್ರಾಯ. ಅದೇ ಮಾದರಿಯ, ಆದಷ್ಟು ಅದೇ ವರ್ಷದ ಎಂಜಿನು ಹುಡುಕುವುದೇ ಲಾಭ.

ಟ್ರ್ಯಾಕ್ಟರಿನವರಿಗೂ ಒಂದು ಮಾತು. 50 ಅಶ್ವಶಕ್ತಿಗಿಂತ ಮೇಲಿನ ಟ್ರ್ಯಾಕ್ಟರುಗಳಿಗೆ 2023ರ ಜನವರಿಯಿಂದ ಬಿಗಿಯಾದ ಹೊಗೆ ನಿಯಮ ಬಂದಿದೆ. ಅದಕ್ಕೆ ತಕ್ಕ ಎಂಜಿನುಗಳಲ್ಲಿ ಇ.ಸಿ.ಯು. ಬಂದಿದೆ. ಹಳೆ ಯಾಂತ್ರಿಕ ಪಂಪಿನ ಟ್ರ್ಯಾಕ್ಟರಿಗೆ ಈ ತಲೆನೋವು ಇಲ್ಲ.

ದೀಪ ಮುಚ್ಚಬೇಡಿ

ಎಂಜಿನು ಓಡುತ್ತದೆ, ಎ.ಬಿ.ಎಸ್. ದೀಪ ಮಾತ್ರ ಆರುವುದಿಲ್ಲ. ಆಗ ದೀಪದ ಮೇಲೆ ಟೇಪು ಅಂಟಿಸಿ ಕಳಿಸುವ ಪದ್ಧತಿ ಕೆಲವು ಕಡೆ ಇದೆ. ಜಾರು ಮಳೆಯಲ್ಲಿ, ಘಾಟಿಯ ತಿರುವಿನಲ್ಲಿ, ಹಿಂದೆ ಹತ್ತು ಹನ್ನೆರಡು ಮೂಟೆ ಇರುವಾಗ ಬ್ರೇಕು ಹಾಕುವವರು ನಾವು, ಟೇಪು ಅಂಟಿಸಿದವರಲ್ಲ. ಆ ದೀಪ ಆರುವವರೆಗೆ ಕೆಲಸ ಮುಗಿದಿಲ್ಲವೆಂದೇ ಲೆಕ್ಕ. ಪೂರ್ತಿ ಹಣ ಕೊಡುವ ಮೊದಲು ಸ್ಕ್ಯಾನರಿನಲ್ಲಿ ಯು ಅಕ್ಷರದ ಕೋಡುಗಳನ್ನು ಅಳಿಸಿ, ಹತ್ತು ಕಿಲೋಮೀಟರು ಓಡಿಸಿ, ಪುನಃ ನೋಡಿ. ಅವು ಮರಳಿ ಬಂದರೆ ಗಾಡಿ ಮನೆಗೆ ತರಬೇಡಿ.

ಕಾಗದದ ಕೆಲಸವನ್ನೂ ಹಿಂದೆ ಹಾಕಬೇಡಿ. ಎಂಜಿನಿನ ನಂಬ್ರ ಆರ್.ಸಿ.ಯಲ್ಲಿ ಇರುತ್ತದೆ. ವಾಹನದಲ್ಲಿ ಮಾಡುವ ಬದಲಾವಣೆಗಳ ಬಗ್ಗೆ 1988ರ ಮೋಟಾರು ವಾಹನ ಕಾಯಿದೆಯ 52ನೇ ಸೆಕ್ಷನ್ನು ಹೇಳುತ್ತದೆ. ಕೆಲಸಕ್ಕೆ ಮೊದಲೇ ಆರ್.ಟಿ.ಒ. ಕಚೇರಿಯಲ್ಲಿ ಕೇಳಿ ಅನುಮತಿ ಪಡೆಯಿರಿ. ಎಂಜಿನು ತಂದ ಬಿಲ್ಲು, ಅದು ಬಂದ ಗಾಡಿಯ ದಾಖಲೆ ಜೋಪಾನ ಮಾಡಿ. ಹೊಸ ನಂಬ್ರವನ್ನು ಆರ್.ಸಿ.ಯಲ್ಲಿ ಬರೆಸಿ, ವಿಮಾ ಕಂಪೆನಿಗೂ ತಿಳಿಸಿ.

ಗ್ಯಾರೇಜಿನವರನ್ನು ದೂರುವುದು ನನ್ನ ಉದ್ದೇಶವಲ್ಲ. ಅವರಲ್ಲಿ ಎಷ್ಟೋ ಮಂದಿ ಕಬ್ಬಿಣದ ಕೆಲಸದಲ್ಲಿ ನಿಸ್ಸೀಮರು, ಈ ವಯರಿನ ವಿದ್ಯೆ ಅವರಿಗೂ ಹೊಸತು. "ಪೆಟ್ಟಿಗೆ ಹೋಗಿದೆ" ಎಂದು ಯಾರಾದರೂ ಹೇಳಿದರೆ ಜಗಳ ಬೇಡ. "6ಕ್ಕೂ 14ಕ್ಕೂ ಎಷ್ಟು ಓಂ ಬಂತು?" ಎಂದು ಕೇಳಿ. ಉತ್ತರ ಸಿಗದಿದ್ದರೆ ಮೀಟರು ತಂದು ಜೊತೆಯಲ್ಲೇ ಅಳೆಯಿರಿ. ಅಳೆಯದೆ ಪೆಟ್ಟಿಗೆಗೆ ದುಡ್ಡು ಕೊಡಬೇಡಿ.